ಗೋಡೆಗೆ ಎತ್ತಿದ ಕೈ

ನಮ್ಮೂರಿನ ದರ್ಜಿಗಳು ಅಂಗಿ ಹೊಲಿಯುವಾಗ ಬಲಭುಜಕ್ಕೆ ಹೊಲಿಗೆ ಹಾಕುವುದಿಲ್ಲ, ಗುಂಡಿ ಇಡುತ್ತಾರೆ. ರವಿಕೆಗೂ ಹಾಗೆಯೇ. ಮನೆಗಳ ಬಾಗಿಲು ಬೇರೆ ಊರಿನ ಬಾಗಿಲುಗಳಿಗಿಂತ ಎತ್ತರ. ಸಿಟಿ ಬಸ್ಸಿನ ಹಿಂದಿನ ಎರಡು ಸಾಲು ಸೀಟುಗಳ ಮೇಲೆ ಸಾಮಾನು ಇಡುವ ಹಲಗೆ ಇಲ್ಲ. ಸಭೆಯಲ್ಲಿ ಒಂದು ಕೆಲಸಕ್ಕೆಂದು ಎತ್ತಿದ ಕೈ ಆ ಕೆಲಸ ಮುಗಿಯುವವರೆಗೆ ಕೆಳಗೆ ಇಳಿಯದ ಊರಿನಲ್ಲಿ ಇಷ್ಟೆಲ್ಲ ಅನುಕೂಲ ಮಾಡಿಕೊಳ್ಳದೆ ಬದುಕಲಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಕೈ ಎತ್ತಿದರೆ ಠರಾವು ಪಾಸು, ಎತ್ತಿದ ಕೈಗಳೆಲ್ಲ ಅಲ್ಲೇ ನಿಂತುಬಿಡುತ್ತವೆ. ಅಷ್ಟು ಜನ ಎತ್ತದಿದ್ದರೆ ಠರಾವು ಬಿದ್ದುಹೋಗುತ್ತದೆ, ಎತ್ತಿದವರ ಕೈ ತಾನಾಗಿಯೇ ಇಳಿಯುತ್ತದೆ. ಪಾಸಾದದ್ದನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ನೋವೇನೂ ಇರುವುದಿಲ್ಲ. ಕೈ ಮೇಲಿರುತ್ತದೆ, ಅಷ್ಟೆ.

ಅದರಿಂದ ನಮಗೆ ಒಳ್ಳೆಯದೇ ಆಗಿತ್ತು. ನಮ್ಮಲ್ಲಿ ಅರ್ಧಕ್ಕೆ ನಿಂತ ಚರಂಡಿ ಇಲ್ಲ, ಸೋರುವ ಶಾಲೆ ಇಲ್ಲ. ಆಸ್ಪತ್ರೆಗೆ ಹೊಸ ಕೊಠಡಿ ಬೇಕೆಂದು ಠರಾವು ಮಾಡಿದ ವರ್ಷ ಕೈ ಎತ್ತಿದವರೆಲ್ಲ ಇಟ್ಟಿಗೆ ಸುಡುವಲ್ಲಿಗೇ ಹೋಗಿ ನಿಂತು ಕೆಲಸ ಮುಗಿಸಿಕೊಂಡು ಬಂದರು. ಎತ್ತಿದ ಕೈಗೆ ಊರಿನಲ್ಲಿ ಮರ್ಯಾದೆ ಇತ್ತು. ಅಂಥವರು ಬಂದರೆ ಸಾಲಿನಲ್ಲಿ ನಿಂತವರು ಜಾಗ ಬಿಡುತ್ತಿದ್ದರು.

ನನ್ನದೊಂದು ಬೇಕರಿ, ಕೆರೆ ರಸ್ತೆಯ ತಿರುವಿನಲ್ಲಿ. ನನ್ನ ತಂದೆ ಹಾಕಿದ್ದು. ಬನ್ನು, ಬ್ರೆಡ್ಡು, ರಸ್ಕು, ಖಾರದ ಬಿಸ್ಕತ್ತು. ಸೌದೆಯ ಒಲೆ. ಹಿಟ್ಟು ನಾದುವುದರಲ್ಲೂ ಒಲೆ ನೋಡಿಕೊಳ್ಳುವುದರಲ್ಲೂ ನನಗೆ ಜೊತೆಯಾಗಿದ್ದವನು ಓಬಳೇಶ. ನನ್ನ ಓರಗೆಯವನೇ. ಅಪ್ಪನ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಅವನ ಮನೆ ಕಲ್ಲುಕೇರಿಯಲ್ಲಿ. ಕೆರೆಯ ಆಚೆ ಬದಿಯಲ್ಲಿ ಕಲ್ಲುಗಣಿಯ ಪಕ್ಕ ಕಲ್ಲು ಒಡೆಯುವವರು, ಗಾರೆ ಕೆಲಸದವರು ಇರುವ ಕೇರಿ ಅದು. ಊರಿನ ಗಡಿಕಲ್ಲು ಅದಕ್ಕಿಂತ ಈಚೆಗೆ ಇದ್ದುದರಿಂದ ಅವರು ಸಭೆಯವರಲ್ಲ. ಗಡಿಕಲ್ಲನ್ನು ಅಲ್ಲಿ ಯಾರು ನೆಟ್ಟರು ಎಂದು ಯಾರೂ ಕೇಳಿದ್ದಿಲ್ಲ. ಗಣಿಯ ಬಾವಿಯ ನೀರು ಉಪ್ಪು. ಕುಡಿಯುವ ನೀರಿಗೆ ಅವರು ಕಾಲುದಾರಿ ಹಿಡಿದು ನಮ್ಮ ಕೆರೆಗೆ ಬರಬೇಕು, ಕೆಲಸಕ್ಕೆ ಬರುವುದಕ್ಕೂ ಅದೇ ದಾರಿ.

ಕೆರೆಯ ಹೂಳು ತೆಗೆದು, ಏರಿಯ ಮೇಲೆ ನಡೆದಾಡಲು ಕಲ್ಲುಹಾಸು ಹಾಕಿ, ಸಿಮೆಂಟಿನ ಬೆಂಚು ಇಟ್ಟ ಮೇಲೆ ಮಾತು ಶುರುವಾಯಿತು. ಬೆಳಿಗ್ಗೆ ವಾಕಿಂಗಿಗೆ ಬಂದವರಿಗೆ ಬಿಂದಿಗೆಗಳ ಸಾಲು ಅಡ್ಡ ಬರುತ್ತದೆ, ಕಲ್ಲುಹಾಸು ಒದ್ದೆಯಾಗಿ ಯಾರೋ ಜಾರಿದರು, ಬೆಂಚಿನ ಮೇಲೆ ಅವರು ಕೂರುತ್ತಾರೆ. ನನ್ನ ಅಂಗಡಿಗೆ ಚಹಾಕ್ಕೆ ಬರುವವರು ಇದನ್ನೆಲ್ಲ ಆಡುತ್ತಿದ್ದರು. ನಾನು ಗ್ಲಾಸು ತೊಳೆಯುತ್ತ ಹೂಂ ಅನ್ನುತ್ತಿದ್ದೆ. ಒಳಗೆ ಓಬಳೇಶ ಇರುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಸಭೆ ಸೇರಿತು. ಅಧ್ಯಕ್ಷರು ಚನ್ನಕೇಶವಯ್ಯನವರು. ನಿವೃತ್ತ ಎಂಜಿನಿಯರು, ಮೃದು ಮಾತಿನವರು, ಯಾರ ಮೇಲೂ ದನಿ ಎತ್ತಿದವರಲ್ಲ. ಎದ್ದುನಿಂತು ಓದಿದರು: ‘ಕೆರೆಯಂಗಳದ ರಕ್ಷಣೆಗಾಗಿ ಗಡಿಕಲ್ಲಿನಿಂದ ಗುಡ್ಡದ ಬಂಡೆಯವರೆಗೆ ಆಳೆತ್ತರದ ಕಲ್ಲಿನ ಗೋಡೆ ಕಟ್ಟತಕ್ಕದ್ದು.’ ಗೋಡೆ ಎದ್ದರೆ ಅವರ ಕಾಲುದಾರಿ ಮುಚ್ಚಿಹೋಗುತ್ತಿತ್ತು, ಆದರೆ ಕಲ್ಲುಕೇರಿ ಎಂಬ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ವಾರಿಜ ಎದ್ದಳು. “ಕಲ್ಲುಕೇರಿಯವರು ನೀರಿಗೆ ಎಲ್ಲಿ ಹೋಗ್ಬೇಕು?”

“ಗುಡ್ಡ ಬಳಸಿಕೊಂಡು ದಾರಿ ಇದೆಯಲ್ಲಮ್ಮ,” ಅಂದರು ಚನ್ನಕೇಶವಯ್ಯ. “ಯಾರಿಗೂ ನೀರು ಕೊಡೋದಿಲ್ಲ ಅಂತ ನಾವು ಹೇಳ್ತಿಲ್ಲ.”

“ಅವರನ್ನ ಒಂದು ಮಾತು ಕೇಳಿದ್ರಾ?”

“ಅವರು ಸಭೆಯವರಲ್ಲವಲ್ಲ.” ಅದನ್ನೂ ಮೆತ್ತಗೇ ಹೇಳಿದರು.

ಕೈ ಎತ್ತುವಂತೆ ಕೇಳಿದಾಗ ಮುಂದಿನ ಸಾಲುಗಳ ಕೈಗಳು ಒಟ್ಟಿಗೆ ಎದ್ದವು. ಆಮೇಲೆ ನಡುವಿನವು. ನನ್ನ ಎಡಕ್ಕೆ ಔಷಧದಂಗಡಿಯವರು ಎತ್ತಿದರು, ಹಿಂದೆ ನನ್ನ ಸೋದರಮಾವ ಎತ್ತಿದರು. ಎದುರಿನ ಸಾಲಿನವರೊಬ್ಬರು ತಿರುಗಿ ನನ್ನ ಮಡಿಲಿನಲ್ಲಿದ್ದ ಕೈಯನ್ನು ನೋಡಿದರು. ಬರೀ ನೋಡಿದರು. ಎತ್ತದ ಕೈ ನನ್ನದೊಂದೇ ಎನ್ನುವಷ್ಟು ಭಾರವಾಯಿತು. ಹಾಗಿರಲಿಲ್ಲ. ವಾರಿಜಳ ಕೈ ಅವಳ ಮಡಿಲಲ್ಲೇ ಇತ್ತು. ನಾನು ಎತ್ತಿದೆ. ಪೂರ್ತಿ, ನೇರವಾಗಿ ಎತ್ತಿದೆ. ಠರಾವು ಪಾಸಾಯಿತು.

ಮನೆಗೆ ಹೋಗುವ ದಾರಿಯಲ್ಲಿ ವಾರಿಜ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯಲ್ಲಿ ನನ್ನ ಅಂಗಿಯ ಭುಜದ ಗುಂಡಿ ಬಿಚ್ಚಿಕೊಟ್ಟಳು.

ಬೆಳಿಗ್ಗೆ ಬೇಕರಿಗೆ ಹೋದಾಗ ಓಬಳೇಶ ಆಗಲೇ ಸೌದೆ ಜೋಡಿಸುತ್ತಿದ್ದ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ, ನನ್ನ ಕೈಯನ್ನು ನೋಡಿದ. ಹಿಂದಿನ ಸಂಜೆಯ ಠರಾವು ಕೇರಿಗೆ ತಲುಪದೆ ಇರುತ್ತದೆಯೇ. ನಾನು ಏನೋ ಹೇಳಲು ಬಾಯಿ ತೆರೆದೆ.

“ಹಿಟ್ಟು ನಾನೇ ನಾದ್ತೀನಿ ಬಿಡಿ ಅಣ್ಣ,” ಅಂದ. “ಒಂದು ಕೈಲಿ ಆಗಲ್ಲ ನಿಮ್ಗೆ.”

ಅಷ್ಟೇ ಅವನು ಆಡಿದ್ದು. ನಾನು ಮಾಡುತ್ತಿದ್ದ ಕೆಲಸವನ್ನೂ ಅವನೇ ಮಾಡಿದ. ಅವನು ಬೆನ್ನು ಬಗ್ಗಿಸಿ ನಾದುತ್ತಿದ್ದರೆ ನಾನು ಪಕ್ಕದಲ್ಲಿ ಕೈ ಮೇಲೆತ್ತಿಕೊಂಡು ನಿಂತಿರುತ್ತಿದ್ದೆ, ಅವನ ದಾರಿ ಮುಚ್ಚಲು ಎತ್ತಿದ ಕೈಯನ್ನು ಅವನ ತಲೆಯ ಮೇಲೆಯೇ ಹಿಡಿದುಕೊಂಡು.

ಒಂದೆರಡು ವಾರದಲ್ಲಿ ಗೋಡೆ ಎದ್ದು ಕೈ ಇಳಿಯುತ್ತದೆ ಎಂದುಕೊಂಡಿದ್ದೆವು. ಆದರೆ ನಮ್ಮೂರಿನ ಗಾರೆಯವರೆಲ್ಲ ಕಲ್ಲುಕೇರಿಯವರೇ. ಕರೆದರೆ ಅವರು ಜಗಳವಾಡಲಿಲ್ಲ. ‘ಈಗ ಬಿಡುವಿಲ್ಲ ಸ್ವಾಮಿ’ ಅಂದರು. ಸುತ್ತಮುತ್ತಲಿನ ಊರುಗಳಿಗೆ ಹೇಳಿಕಳಿಸಿದರೆ ಅಲ್ಲಿನ ಗಾರೆಯವರೂ ಇವರ ನೆಂಟರೇ. ಅವರಿಗೂ ಬಿಡುವಿರಲಿಲ್ಲ. ಚನ್ನಕೇಶವಯ್ಯನವರು ಮುಳ್ಳುತಂತಿ ತರಿಸಿ ಎಳೆಸಿದರು. ಯಾರ ಕೈಯೂ ಅಲುಗಲಿಲ್ಲ. ಠರಾವಿನಲ್ಲಿ ಇದ್ದದ್ದು ಕಲ್ಲಿನ ಗೋಡೆ. ತಂತಿಯನ್ನು ಸುತ್ತಿ ವಾಪಸು ಕಳಿಸಿದರು.

ಕೊನೆಗೆ ನಾವೇ ಕಟ್ಟುವುದೆಂದಾಯಿತು. ಒಂದು ಭಾನುವಾರ ಊರಿನ ಡಾಕ್ಟರು, ಜವಳಿ ಅಂಗಡಿಯವರು, ಮೇಷ್ಟರುಗಳು, ನಾನು, ಎಲ್ಲರೂ ಎಡಗೈಯಲ್ಲಿ ಕಲ್ಲು ಹೊತ್ತೆವು. ಇಬ್ಬರು ಸೇರಿ ಒಂದು ಕಲ್ಲು ಎತ್ತಲು ಹೋಗಿ ಒಬ್ಬರ ಮೊಣಕೈ ಇನ್ನೊಬ್ಬರ ಕನ್ನಡಕಕ್ಕೆ ತಾಗಿತು. ಮೂರು ಸಾಲು ಇಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ಕುಸಿಯಿತು. ಕಾಲುದಾರಿಯಲ್ಲಿ ನೀರಿಗೆ ಬಂದ ಕಲ್ಲುಕೇರಿಯ ಹೆಂಗಸರು ಬಿದ್ದ ಕಲ್ಲುಗಳನ್ನು ದಾಟಿಕೊಂಡು ಹೋದರು. ಯಾರೂ ನಗಲಿಲ್ಲ. ಒಬ್ಬಳು ನಿಂತು, ಉರುಳಿ ದಾರಿಗೆ ಬಂದಿದ್ದ ಕಲ್ಲೊಂದನ್ನು ಪಕ್ಕಕ್ಕೆ ಸರಿಸಿ ಇಟ್ಟಳು, ಮಕ್ಕಳು ಎಡವಬಾರದೆಂದು. ನಾನು ಬೇರೆ ಕಡೆ ನೋಡಿದೆ.

ಬೇಸಿಗೆ ಬಂತು. ಮೊದಲು ಹೆಮ್ಮೆಯಿಂದ ಓಡಾಡಿದವರು ಈಗ ಮೇಲಿನ ಕೈಗೆ ಟವೆಲು ಹೊದಿಸಿಕೊಳ್ಳತೊಡಗಿದರು, ಬಿಸಿಲಿಗೆ ಅನ್ನುವ ಹಾಗೆ. ಕಲ್ಲುಕೇರಿಯವರು ಎಂದಿನಂತೆ ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ತೋಟಕ್ಕೆ ನೀರು ಹಾಯಿಸಲು ನಮ್ಮ ಮನೆಗಳಿಗೆ ಬರುತ್ತಿದ್ದರು. ಬೀದಿಯ ಎರಡೂ ಕಡೆ ನಿಂತ ಕೈಗಳ ನಡುವೆ ನಡೆದು ಬರುತ್ತಿದ್ದರು. ಯಾರು ಎತ್ತಿದರು ಎಂದು ಅವರು ವಿಚಾರಿಸಬೇಕಾಗಿಯೇ ಇರಲಿಲ್ಲ. ಕೈ ಎತ್ತಿದ ಹೆಂಗಸರ ತಲೆ ಬಾಚಿ ಜಡೆ ಹಾಕುತ್ತಿದ್ದವರೂ ಕಲ್ಲುಕೇರಿಯ ಹೆಂಗಸರೇ. ಅವರು ಬರುವ ಹೊತ್ತಿಗೆ ನನ್ನ ಸೋದರತ್ತೆ ಕಣ್ಣು ಮುಚ್ಚಿಕೊಂಡು ಕೂರುತ್ತಾರೆಂದು ವಾರಿಜ ಹೇಳಿದಳು.

ಮಳೆಗಾಲ ಹತ್ತಿರ ಬಂದಾಗ ಚನ್ನಕೇಶವಯ್ಯನವರು ಕಲ್ಲುಕೇರಿಯವರನ್ನು ಸಭೆಗೆ ಕರೆಸಿದರು. ಬಂದವರ ಮುಂದೆ ಗಂಗಮಾಳಮ್ಮ ಇದ್ದಳು. ಓಬಳೇಶನ ಅತ್ತಿಗೆ. ವಯಸ್ಸಾದ, ನೆಟ್ಟಗೆ ನಿಲ್ಲುವ ಹೆಂಗಸು. ಒರಟು ಕಲ್ಲನ್ನು ಕೆತ್ತಿ ಮುಖ ಕೊಡುವುದರಲ್ಲಿ ಕೇರಿಗೆಲ್ಲ ಅವಳ ಕೈ ಹೆಸರಾದದ್ದು. ಬಾಗಿಲು ದಾಟಿ ಒಳಗೆ ಬಂದು ಸುತ್ತ ನೋಡಿದಳು.

“ನಮ್ಮನ್ನ ಒಳಗೆ ಕರೆದಿದ್ದು ಇದೇ ಮೊದಲು. ಎಲ್ಲಿ ಕೂರ್ಬೇಕು ಸ್ವಾಮಿ?”

ಅದನ್ನು ಯಾರೂ ಯೋಚಿಸಿರಲಿಲ್ಲ. ಯಾರೋ ಬೆಂಚು ಎಳೆಯಲು ಹೋದರು, ಒಂದೇ ಕೈಯಾದ್ದರಿಂದ ಅದು ಕಿರುಗುಟ್ಟಿ ಅರ್ಧಕ್ಕೆ ನಿಂತಿತು.

“ಇರ್ಲಿ ಬಿಡಿ, ನಿಂತೇ ಮಾತಾಡ್ತೀನಿ.”

“ನೋಡಮ್ಮ,” ಅಂದರು ಚನ್ನಕೇಶವಯ್ಯ, “ನಮ್ಮ ಕಷ್ಟ ನಿನ್ನ ಕಣ್ಣಿಗೇ ಕಾಣ್ತಿದೆ. ನೀವು ಕೇಳಿದಷ್ಟು ಕೂಲಿ ಕೊಡೋಣ.”

“ಕೂಲಿ ಮಾತು ಆಮೇಲಾಯ್ತು. ಗೋಡೆ ಬೇಕೋ ಬ್ಯಾಡ್ವೋ ಅನ್ನಾಗ ನಮ್ಮನ್ನ ಕೇಳ್ಲಿಲ್ಲ. ಕಟ್ಟೋರ್ಯಾರು ಅನ್ನಾಗ ಕೇಳ್ತಿದೀರಿ.”

ಚನ್ನಕೇಶವಯ್ಯ, “ಏನು ಬೇಕು ಹೇಳು,” ಅಂದರು.

“ನಮ್ಮ ಕೇರಿಯೋರಿಗೂ ಇಲ್ಲಿ ಜಾಗ ಬೇಕು. ನಮ್ಮ ಕೈನೂ ಎಣಿಸ್ಬೇಕು. ಗೋಡೆ ಕಟ್ಟಾದ್ಮೇಲೆ ಅದಕ್ಕೊಂದು ಬಾಗ್ಲು ಇಡಾದೋ ಬ್ಯಾಡ್ವೋ ಅಂತ ಎಲ್ರೂ ಕೂತು ಮಾತಾಡಾನ.”

ಅದಕ್ಕೆ ಠರಾವು ಆಗಬೇಕು. ಆದರೆ ಒಂದು ಕೆಲಸಕ್ಕೆ ನಿಂತ ಕೈಯನ್ನು ಇನ್ನೊಂದಕ್ಕೆ ಎಣಿಸಲು ಬರುವುದಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕೈ ಗೋಡೆಗೆ ನಿಂತಿತ್ತು. ಮೊದಲು ಗೋಡೆ ಮುಗಿದು ಕೈ ಇಳಿಯಬೇಕು, ಆಮೇಲಷ್ಟೇ ಅವರನ್ನು ಸೇರಿಸಿಕೊಳ್ಳುವ ಠರಾವು. ಚನ್ನಕೇಶವಯ್ಯ ಇದನ್ನೆಲ್ಲ ವಿವರಿಸಿ, “ಗೋಡೆ ಮುಗಿದ ಮಾರನೇ ದಿನವೇ ಠರಾವು ತರ್ತೀನಿ. ಸಭೆಯ ಮುಂದೆ ಮಾತು ಕೊಡ್ತಿದ್ದೀನಿ,” ಅಂದರು.

ಗಂಗಮಾಳಮ್ಮ ನಮ್ಮ ಕಡೆ ತಿರುಗಿದಳು. “ನೀವೆಲ್ಲ?”

ಹೂಂ ಅಂದೆವು. ಇಡೀ ಸಭಾಂಗಣ ಹೂಂ ಅಂದಿತು. ನಾನೂ ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

ಮರುದಿನ ಒಲೆಯ ಮುಂದೆ ಓಬಳೇಶ ಹೇಳಿದ: “ನಂಗೆ ನಂಬ್ಕೆ ಇಲ್ಲ ಅಣ್ಣ. ಅತ್ತಿಗೆ ನಂಬ್ತಾಳೆ.”

“ನಾನಿದ್ದೀನಲ್ಲ ಓಬಳೇಶ.”

ಅವನು ಉದ್ದ ಕೋಲಿನ ಹಲಗೆಯಿಂದ ಬ್ರೆಡ್ಡಿನ ಅಚ್ಚುಗಳನ್ನು ಒಲೆಯ ಒಳಕ್ಕೆ ತಳ್ಳುತ್ತಿದ್ದ. “ಹೂಂ. ನೀವಿದ್ದೀರಿ,” ಅಂದ.

ಅವರು ಗೋಡೆ ಕಟ್ಟಿದರು. ಕಾಟಾಚಾರಕ್ಕೆ ಕಟ್ಟಲಿಲ್ಲ. ಪಾಯ ತೋಡಿ, ಕಲ್ಲಿಗೆ ಕಲ್ಲು ಹೊಂದಿಸಿ, ಸಂದಿಗೆ ಚೂರು ಬಡಿದು, ಮಟ್ಟ ನೋಡಿ ಕಟ್ಟಿದರು. ಕೊನೆಯ ದಿನ ಓಬಳೇಶ ರಜೆ ಕೇಳಿದ. ಊರಿನವರೆಲ್ಲ ಕೆರೆಯಂಗಳಕ್ಕೆ ಬಂದು ನಿಂತಿದ್ದೆವು. ಮೇಲಿನ ಸಾಲಿನ ಕೊನೆಯ ಕಲ್ಲನ್ನು ಅವರು ಆಚೆಯಿಂದ ಎತ್ತಿಟ್ಟರು, ನಮಗೆ ಕಾಣಿಸಿದ್ದು ಬರೀ ಬೆರಳುಗಳು. ಕಲ್ಲು ಕೂತ ಸದ್ದಾಯಿತು. ನನ್ನ ಕೈ ಇಳಿಯಿತು. ಸುತ್ತಲೂ ಕೈಗಳು ಒಂದೊಂದಾಗಿ ಇಳಿದವು. ಜನ ನಕ್ಕರು, ಭುಜ ತಿಕ್ಕಿಕೊಂಡರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಬುಟ್ಟಿಯಲ್ಲಿ ತಂದಿದ್ದ ಬನ್ನು ಹಂಚಿದೆ. ಹಂಚುತ್ತ ಹಂಚುತ್ತ ಗೋಡೆಯವರೆಗೆ ಬಂದೆ. ಆಚೆ ಹಾರೆ, ಬಾಂಡಲಿಗಳನ್ನು ಎತ್ತಿಕೊಳ್ಳುವ ಸದ್ದು ಕೇಳುತ್ತಿತ್ತು. ಬುಟ್ಟಿಯಲ್ಲಿ ಇನ್ನೂ ಬನ್ನು ಇತ್ತು. ಓಬಳೇಶ ಆಚೆ ಇದ್ದ. ಹೆಸರು ಹಿಡಿದು ಕೂಗಬಹುದಿತ್ತು. ಕೂಗಲಿಲ್ಲ.

ಚನ್ನಕೇಶವಯ್ಯನವರು ಮಾತಿಗೆ ತಪ್ಪಲಿಲ್ಲ, ಮಾರನೆಯ ದಿನವೇ ಸಭೆ ಕರೆದರು. ಕಲ್ಲುಕೇರಿಯವರು ಗುಡ್ಡ ಬಳಸಿ ಬಂದು ಕಿಟಕಿಗಳ ಹೊರಗೆ ನಿಂತರು. ಠರಾವು ಸಣ್ಣದು: ‘ಕಲ್ಲುಕೇರಿಯವರನ್ನು ಸಭೆಗೆ ಸೇರಿಸಿಕೊಳ್ಳತಕ್ಕದ್ದು.’ ಅದಕ್ಕೆ ಬಹಳ ದಿನ ಕೈ ಎತ್ತಿಕೊಂಡು ಇರಬೇಕಾಗಿಯೂ ಇರಲಿಲ್ಲ. ಅವರು ಒಳಗೆ ಬಂದು ಕೂತರೆ ಕೆಲಸ ಮುಗಿಯಿತು.

“ಕೈ ಎತ್ತಿ,” ಅಂದರು ಚನ್ನಕೇಶವಯ್ಯ.

ವಾರಿಜ ಎತ್ತಿದಳು. ಅಲ್ಲೊಬ್ಬರು ಇಲ್ಲೊಬ್ಬರು ಎತ್ತಿದರು. ಉಳಿದವರು ಭುಜ ಒತ್ತಿಕೊಳ್ಳುತ್ತ ಕೂತರು. ‘ಇನ್ನೂ ನೋವಿದೆ’ ಅಂದರು ಔಷಧದಂಗಡಿಯವರು, ಯಾರೂ ಕೇಳದಿದ್ದರೂ. ನನ್ನ ಸೋದರಮಾವ, “ಅವ್ರು ನಮಗಿಂತ ಜಾಸ್ತಿ ಜನ ಇದಾರಪ್ಪ, ಆಮೇಲೆ ಎಲ್ಲ ಅವರು ಹೇಳಿದ ಹಾಗೇ,” ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರು. ಚನ್ನಕೇಶವಯ್ಯನವರ ಎರಡೂ ಕೈ ಮೇಜಿನ ಮೇಲಿದ್ದವು. ನಾನು ಸಭಾಂಗಣವನ್ನು ಕಣ್ಣಿನಲ್ಲೇ ಎಣಿಸಿದೆ. ಅರ್ಧದ ಹತ್ತಿರಕ್ಕೂ ಬರುವ ಲಕ್ಷಣವಿರಲಿಲ್ಲ. ಆಗ ಎತ್ತಿದೆ.

ಒಂದು ಕ್ಷಣವಷ್ಟೇ ಕೈ ಮೇಲಿತ್ತು. ಆಮೇಲೆ ತಾನಾಗಿ ಇಳಿಯಿತು. ಕಿಟಕಿಯ ಕಡೆ ನೋಡಿದೆ. ಓಬಳೇಶ ನನ್ನನ್ನೇ ನೋಡುತ್ತಿದ್ದ. ನಾನು ಎಣಿಸುವುದನ್ನೂ ನೋಡಿದ್ದ. ಗಂಗಮಾಳಮ್ಮ ಸೆರಗು ಸರಿಮಾಡಿಕೊಂಡು ಗುಡ್ಡದ ದಾರಿ ಹಿಡಿದಳು, ಉಳಿದವರು ಅವಳ ಹಿಂದೆ ಹೋದರು.

“ನಾನು ಎತ್ತಿದೆ,” ಅಂದೆ ವಾರಿಜಳಿಗೆ, ಮನೆಯಲ್ಲಿ.

“ಎಣಿಸಿಕೊಂಡು ಎತ್ತಿದ್ರಿ,” ಅಂದಳು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ನನಗೆ ಊರಿನಲ್ಲಿ ತಲೆ ಎತ್ತಿ ನಡೆಯಲು ಯಾವ ಅಡ್ಡಿಯೂ ಇರಲಿಲ್ಲ. ಕೈ ಕೆಳಗಿತ್ತು, ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಮಾತ್ರ ಕೈ ಮೇಲಿದ್ದ ದಿನಗಳೇ ವಾಸಿ ಅನ್ನಿಸುತ್ತಿತ್ತು. ಓಬಳೇಶ ಗುಡ್ಡ ಸುತ್ತಿ ಬರುವಷ್ಟರಲ್ಲಿ ಬೆವರಿನಿಂದ ತೊಯ್ದಿರುತ್ತಿದ್ದ. “ನಿಧಾನವಾಗಿ ಬಾ, ತಡವಾದ್ರೂ ಪರವಾಗಿಲ್ಲ,” ಅಂದೆ ಒಮ್ಮೆ. ಅವನು ಮುಖ ಒರೆಸಿಕೊಂಡು, “ನಿಧಾನವಾಗೇ ಬರ್ತಿರೋದು,” ಅಂದ. ಅವನ ಮನೆಯಲ್ಲಿ ಈಗ ಸ್ನಾನಕ್ಕೆ ಉಪ್ಪುನೀರು, ಕುಡಿಯಲು ಮಾತ್ರ ಗುಡ್ಡ ಬಳಸಿ ಹೊತ್ತು ತಂದ ಕೆರೆಯ ನೀರು ಎಂದು ಅವನು ಹೇಳಲಿಲ್ಲ. ವಾರಿಜಳಿಗೆ ಯಾರೋ ಹೇಳಿದ್ದರು.

ಒಂದು ದಿನ ಬ್ರೆಡ್ಡು ಇಳಿಸಿ ಆದ ಮೇಲೆ ಅವನು, “ಇವತ್ತು ಮಧ್ಯಾಹ್ನ ಬೇಗ ಹೋಗ್ಬೇಕು ಅಣ್ಣ. ಸಭೆ ಐತೆ,” ಅಂದ.

“ಯಾವ ಸಭೆ?”

“ನಮ್ದು.”

ಅವರಿಗೆ ಸಭೆ ಎಂಬುದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಅದೇ ಮೊದಲಂತೆ. “ನಾನೂ ಬರ್ಲಾ?” ಎಂದು ಕೇಳಿಬಿಟ್ಟೆ. ಅವನು ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದ. ಬೇಡ ಅನ್ನುತ್ತಾನೆಂದುಕೊಂಡೆ. “ಬನ್ನಿ. ಕೇಳಿಸ್ಕೊಳಾಕೆ ಯಾರೂ ಬ್ಯಾಡ ಅನ್ನಲ್ಲ. ಕೈ ಮಾತ್ರ ಎತ್ತಂಗಿಲ್ಲ.”

ಗುಡ್ಡದ ದಾರಿಯಲ್ಲಿ ಮೊದಲ ಸಲ ನಡೆದೆ. ಕಲ್ಲುಚೂರು, ಜಾಲಿಮುಳ್ಳು, ಎಲ್ಲೂ ನೆರಳಿಲ್ಲ. ಖಾಲಿ ಕೈಯಲ್ಲಿ ನಡೆದರೂ ನಡುನಡುವೆ ನಿಲ್ಲಬೇಕಾಯಿತು. ಎದುರಿಗೆ ಬಿಂದಿಗೆ ಹೊತ್ತ ಹುಡುಗಿಯರು ಬರುತ್ತಿದ್ದರು, ನನಗೆ ದಾರಿ ಬಿಟ್ಟು ಅಂಚಿಗೆ ಸರಿದು ನಿಂತರು.

ಗಣಿಯ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಕೇರಿಯೆಲ್ಲ ಕೂತಿತ್ತು. ನನ್ನನ್ನು ನೋಡಿ ಮಾತು ನಿಂತಿತು. ಗಂಗಮಾಳಮ್ಮ, “ಕೂತ್ಕಳಿ ಬೇಕ್ರಿ ಸ್ವಾಮಿ,” ಎಂದು ತನ್ನ ಪಕ್ಕದಲ್ಲೇ ಜಾಗ ತೋರಿಸಿದಳು. ಅವರ ಪೈಕಿ ಎಲ್ಲಿ ಕೂರಬೇಕೆಂದು ನಾನು ಕೇಳಬೇಕಾಗಲಿಲ್ಲ. ಆ ಜಾಗದಲ್ಲಿ ಕೂತು ನನಗೆ ಕತ್ತು ಎತ್ತಲಾಗಲಿಲ್ಲ.

“ಕಟ್ಟಿದೋರು ನಾವೇ,” ಅಂದಳು ಎಲ್ಲರಿಗೂ. “ಒಬ್ರು ಹೋಗಿ ಬರೋವಷ್ಟು ದಾರಿ ಬಿಡಿಸ್ಬೇಕು ಅಂತ ನನ್ನ ಮಾತು. ನೀವೇನಂತೀರಿ ಹೇಳಿ.”

ಒಬ್ಬ ಮುದುಕ ಬೇಡವೆಂದ. ಊರಿನವರು ಮನೆಗೆಲಸ ಬಿಡಿಸುತ್ತಾರೆ, ಆಮೇಲೆ ಒಲೆ ಉರಿಯುವುದು ಹೇಗೆ. ಅವನು ಮುಗಿಸುವವರೆಗೆ ಯಾರೂ ಬಾಯಿ ಹಾಕಲಿಲ್ಲ. ಬಸುರಿಯೊಬ್ಬಳು ಎದ್ದು, ಆ ಗುಡ್ಡ ಹತ್ತಲು ತನಗಿನ್ನು ಆಗುವುದಿಲ್ಲ, ಗಂಡ ತಂದ ನೀರಿಗೆ ಅತ್ತೆಮಾವನ ಮುಂದೆ ಕೈಚಾಚಲೂ ಆಗುವುದಿಲ್ಲ ಅಂದಳು. ಮುದುಕ ಅವಳನ್ನೇ ನೋಡುತ್ತ ಕೂತ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಗಂಗಮಾಳಮ್ಮ ಕೈ ಎತ್ತಿದಳು. ಬಂಡೆಯ ಮೇಲಿದ್ದವರೆಲ್ಲ ಎತ್ತಿದರು, ಆ ಮುದುಕನೂ. ಯಾರೂ ಅಕ್ಕಪಕ್ಕ ನೋಡಿ ಎತ್ತಲಿಲ್ಲ.

“ಆಯ್ತು, ಇಳ್ಸಿ,” ಅಂದಳು.

ಬಸುರಿ ಹುಡುಗಿ ತನ್ನ ಮೇಲಿನ ಕೈಯನ್ನು ನೋಡಿಕೊಂಡು ನಕ್ಕಳು. “ಇಳೀತಿಲ್ಲ ದೊಡ್ಡವ್ವ.”

ಯಾರದೂ ಇಳಿಯಲಿಲ್ಲ. ಗಡಿಕಲ್ಲಿನ ಆಚೆ ಹೀಗಾಗುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವರೂ ಹಾಗೆಯೇ ತಿಳಿದಿದ್ದರು. ಓಬಳೇಶ ಕತ್ತೆತ್ತಿ ತನ್ನ ಅಂಗೈಯನ್ನು ನೋಡುತ್ತ ನಿಂತ, ಅದು ಬೇರೆ ಯಾರದೋ ಎನ್ನುವ ಹಾಗೆ. ಯಾರೂ ಕೂಗಾಡಲಿಲ್ಲ. ಗಂಗಮಾಳಮ್ಮ ಕಣ್ಣೊರೆಸಿಕೊಂಡು, “ಸರಿ, ಹಾರೆ ತನ್ನಿ,” ಅಂದಳು.

ಗೋಡೆಯ ಹತ್ತಿರ ಹೋದ ಮೇಲೆ ತೊಡಕು ಕಾಣಿಸಿತು. ಅಷ್ಟು ಗಟ್ಟಿಯಾಗಿ ಕಟ್ಟಿದ್ದ ಗೋಡೆಯ ಕಲ್ಲು ಮೀಟಲು ಎರಡು ಕೈ ಬೇಕು. ಒಂದು ಕೈಯಲ್ಲಿ ಹಾರೆ ಹಿಡಿದರೆ ಜಾರುತ್ತಿತ್ತು. ಇಬ್ಬರು ಸೇರಿ ಹಿಡಿದರೆ ಏಟು ಒಂದೇ ಕಡೆ ಬೀಳುತ್ತಿರಲಿಲ್ಲ. ಮಕ್ಕಳನ್ನು ಬಿಟ್ಟರೆ ಅಲ್ಲಿ ಎರಡೂ ಕೈ ಕೆಳಗಿದ್ದವನು ನಾನೊಬ್ಬನೇ. ಯಾರೂ ನನ್ನನ್ನು ಕೇಳಲಿಲ್ಲ. ನನಗೆ ಮೊದಲು ಬಂದ ಯೋಚನೆ, ಗೋಡೆಯ ಆಚೆ ಈಗ ಯಾರ್ಯಾರು ಓಡಾಡುತ್ತಿರಬಹುದು ಎಂಬುದು. ಅದು ಸಂಜೆಯ ವಾಕಿಂಗಿನ ಹೊತ್ತು.

“ನಾನು ಮಾಡಲಾ?” ಅಂದೆ.

“ನೀವು ನಮ್ಮ ಸಭೆಯೋರಲ್ಲ,” ಅಂದ ಓಬಳೇಶ.

“ಗೊತ್ತು.”

ಗಂಗಮಾಳಮ್ಮ ನನ್ನ ಮುಖ ನೋಡಿದಳು. “ಕೊಡು ಅವ್ರಿಗೆ,” ಅಂದಳು.

ನನಗೆ ಕಲ್ಲಿನ ಕೆಲಸ ಬರುವುದಿಲ್ಲ. ಹೊಡೆದದ್ದೆಲ್ಲ ಕಲ್ಲಿನ ಮುಖಕ್ಕೇ ಬಿದ್ದು ತೋಳು ಜುಮ್ಮೆಂದಿತು. “ಅಲ್ಲಲ್ಲ, ಕೆಳಗಡೆ ಸಂದೀಲಿ,” ಎಂದು ಓಬಳೇಶ ತೋರಿಸಿದ. “ಚೂರು ಮೊದಲು ತೆಗೀರಿ. ಹಾಂ, ಈಗ ಮೀಟಿ.” ಮೇಲಿನ ಕಲ್ಲೊಂದು ಅಲುಗಿ ಆಚೆಗೆ ಉರುಳಿತು. ಆಚೆ ಯಾರೋ ಹಿಂದಕ್ಕೆ ಹಾರಿದ ಸದ್ದು.

“ಯಾರದು?” ಚನ್ನಕೇಶವಯ್ಯನವರ ದನಿ. “ಗೋಡೆ ಕೀಳ್ತಿರೋರು ಯಾರು?”

ಹಾರೆ ನನ್ನ ಕೈಯಲ್ಲಿ ನಿಂತಿತು. ಕೇರಿಯವರೆಲ್ಲ ನನ್ನತ್ತ ನೋಡುತ್ತಿದ್ದರು. ಉತ್ತರವನ್ನು ನನಗೇ ಬಿಟ್ಟಿದ್ದರು.

“ನಾನು,” ಅಂದೆ. ದನಿ ನನಗೇ ಕೇಳಿಸಲಿಲ್ಲ. “ನಾನು, ನರಹರಿ. ಬೇಕರಿ ನರಹರಿ.”

“ನಿಮಗೇನಾಗಿದೆ ನರಹರಿಯವರೇ? ಅದು ಸಭೆಯ ಠರಾವು. ನೀವೂ ಕೈ ಎತ್ತಿದ್ರಲ್ಲ.”

“ಎತ್ತಿದ್ದೆ ಸಾರ್. ಆ ಠರಾವು ಮುಗೀತು. ನಿಮ್ಮ ಕೈನೂ ಇಳೀತಲ್ಲ.”

ಆಚೆ ಇನ್ನಷ್ಟು ಹೆಜ್ಜೆಗಳು ಬಂದು ಸೇರಿದವು. ಸೋದರಮಾವನ ದನಿ ಕೇಳಿತು, ಔಷಧದಂಗಡಿಯವರ ದನಿ ಕೇಳಿತು, ನನ್ನ ಅಂಗಡಿಯ ಬ್ರೆಡ್ಡು ಇನ್ನು ಯಾರೂ ಮುಟ್ಟುವುದಿಲ್ಲ ಎಂದು ಯಾರೋ ಅಂದದ್ದೂ ಕೇಳಿತು. ನಾನು ಮೀಟುತ್ತ ಹೋದೆ. ಧೈರ್ಯದಿಂದಲ್ಲ. ನಿಲ್ಲಿಸಿದರೆ ತಿರುಗಿ ಎರಡು ಕಡೆಯವರಲ್ಲಿ ಯಾರದಾದರೂ ಮುಖ ನೋಡಬೇಕಾಗುತ್ತಿತ್ತು.

ಕೆಳಗಿನ ಸಾಲಿನ ಕಲ್ಲು ಹೊರಬಂದಾಗ ಹಿಂದೆ ಉಸಿರು ಬಿಟ್ಟ ಸದ್ದು ಕೇಳಿ ತಿರುಗಿದೆ. ಕೈಗಳು ಇಳಿಯುತ್ತಿದ್ದವು. ಓಬಳೇಶ ತನ್ನ ಭುಜ ಆಡಿಸಿ ನೋಡಿಕೊಂಡು ನನ್ನ ಹತ್ತಿರ ಬಂದ.

“ನಾಳೆಯಿಂದ ಬೇಕ್ರಿಗೆ ಬರಲ್ಲ ಅಣ್ಣ,” ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. “ಬ್ಯಾರೆ ಕಡೆ ನೋಡ್ಕಂಡಿದೀನಿ. ಇವತ್ತು ಹೇಳಾದು ಬ್ಯಾಡ ಅಂದ್ಕಂಡಿದ್ದೆ.”

ಇವತ್ತು ನಾನು ಮಾಡಿದ್ದು ನೋಡಿಯೂ ಹೋಗುತ್ತೀಯಾ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡೆ, ಅಂಥ ಮಾತು ಬಂದದ್ದಕ್ಕೇ ಕಿವಿ ಬಿಸಿಯಾಯಿತು. “ಒಳ್ಳೇದಾಗ್ಲಿ,” ಅಂದೆ.

ಗಂಗಮಾಳಮ್ಮ ಬಿಂದಿಗೆಯನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ನಾನು ಹಾರೆಯನ್ನು ಗೋಡೆಗೆ ಒರಗಿಸಿ ಸರಿದು ನಿಂತೆ. ಅವಳು ಕಂಡಿಯಲ್ಲಿ ಅಡ್ಡಲಾಗಿ ತಿರುಗಿ ದಾಟಿದಳು. ದಾಟುವಾಗ ಬಿಂದಿಗೆ ಕಲ್ಲಿಗೆ ತಗುಲಿ ಠಣ್ ಎಂದಿತು. ಆಚೆ ಗುಂಪಾಗಿ ನಿಂತಿದ್ದ ಊರಿನವರು ಅವಳಿಗೆ ದಾರಿ ಬಿಡಲೂ ಇಲ್ಲ, ತಡೆಯಲೂ ಇಲ್ಲ. ಅವಳೇ ಬಳಸಿಕೊಂಡು ಕೆರೆಗಿಳಿದಳು. ಅವರ ನಡುವಿನಿಂದ ವಾರಿಜ ಮುಂದೆ ಬಂದು ಕಂಡಿಯ ಅಂಚನ್ನು ಕೈಯಿಂದ ಮುಟ್ಟಿ ನೋಡಿದಳು.

“ರೀ, ತುಂಬಿದ ಬಿಂದಿಗೆ ತಗೊಂಡು ಇದ್ರಲ್ಲಿ ಬರೋಕಾಗಲ್ಲ,” ಅಂದಳು. “ಈ ಕಡೆಯದು ಇನ್ನೊಂದು ಕಲ್ಲು ತೆಗೀರಿ.”

ಕೇರಿಯವರ ಠರಾವು ಮುಗಿದಿತ್ತು. ಇನ್ನು ನಾನು ಬೇಕೆಂದು ಯಾರಿಗೂ ಇರಲಿಲ್ಲ. ಅಂಗೈ ಸುಲಿದಿತ್ತು. ಎರಡೂ ಕಡೆಯವರು ನೋಡುತ್ತಿದ್ದ ಹಾಗೆಯೇ ಹಾರೆಯನ್ನು ಮತ್ತೆ ಕೈಗೆ ತೆಗೆದುಕೊಂಡು ಸಂದಿ ಎಲ್ಲಿದೆಯೆಂದು ಹುಡುಕಿದೆ.